ಪದವಿಗೆ ಕಿನೀಸಿಯಾಲಜಿ ಓದುವೆನೆಂದು ಮಗಳ ಹಟ: ಓದಿದವರು, ಈ ವೃತ್ತಿಯಲ್ಲಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ: ಮಿಸಿಸಾಗಾದ ತಂದೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ದಾವಣಗೆರೆಯವರು, ಈಗ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾದಲ್ಲಿ ನೆಲೆಸಿದ್ದೇವೆ. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದು, ಜನವರಿ ಮಧ್ಯಭಾಗದೊಳಗೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕಾಗಿದೆ. ಶಾಲೆಯಲ್ಲಿ ಕಿನೀಸಿಯಾಲಜಿಯ, ಅಂದರೆ ಮನುಷ್ಯದೇಹದ ಚಲನೆಯ ಅಧ್ಯಯನದ, ಪ್ರವೇಶ ಪಾಠವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದ ಅವಳಿಗೆ ಆ ವಿಷಯ ಎಷ್ಟು ಹಿಡಿಸಿದೆಯೆಂದರೆ, ಪದವಿಗೂ ಅದನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾನು ಮತ್ತು ನನ್ನ ಪತ್ನಿ ಇಬ್ಬರೂ ಸಾಫ್ಟ್‌ವೇರ್ ಕ್ಷೇತ್ರದವರಾದ್ದರಿಂದ ಈ ವಿಷಯದ ಗಂಧಗಾಳಿಯೂ ನಮಗಿಲ್ಲ. ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮ ತಂದೆಯವರು, "ಡ್ರಿಲ್ ಮೇಷ್ಟ್ರಾಗೋದಕ್ಕೆ ಕೆನಡಾದಲ್ಲಿ ಓದಬೇಕೇನಪ್ಪ?" ಎಂದು ಕೇಳಿದರು. ನಾನು ನಕ್ಕೆನಾದರೂ ಉತ್ತರ ಹೇಳಲು ತೋಚಲಿಲ್ಲ.

ನನಗಿರುವ ಸಂದೇಹಗಳು ಇವು. ನಾಲ್ಕು ವರ್ಷ ಈ ಪದವಿಯಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ, ಆಟೋಟವನ್ನೇ ಅಥವಾ ವಿಜ್ಞಾನವನ್ನೇ? ಪದವಿ ಮುಗಿದೊಡನೆ ಅದರ ಬಲದ ಮೇಲೆಯೇ ಕೆಲಸ ಸಿಗುತ್ತದೆಯೇ, ಅಥವಾ ಅದು ಮುಂದಿನ ಓದಿಗೆ ಮೆಟ್ಟಿಲು ಮಾತ್ರವೇ? ಮಗಳು ಕೊನೆಗೆ ಫಿಸಿಯೋಥೆರಪಿಸ್ಟ್ ಆಗಬೇಕೆಂದು ಒಮ್ಮೆ ಹೇಳುತ್ತಾಳೆ, ಇನ್ನೊಮ್ಮೆ ಇನ್ನೂ ಯೋಚಿಸಿಲ್ಲ ಎನ್ನುತ್ತಾಳೆ. ಫಿಸಿಯೋಥೆರಪಿಯೇ ಗುರಿಯಾದರೆ ಬೆಂಗಳೂರಿಗೋ ಮಂಗಳೂರಿಗೋ ಕಳಿಸಿ ನೇರವಾಗಿ ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಪದವಿ, ಓದಿಸುವುದು ಮೇಲು ಎಂಬುದು ನಮ್ಮ ಸಂಬಂಧಿಕರೊಬ್ಬರ ವಾದ. ಅದರಲ್ಲಿ ಹುರುಳಿದೆಯೇ? ಸ್ವಂತ ಅನುಭವದಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹೃದಯ ಪುನಶ್ಚೇತನ ಕೇಂದ್ರದಲ್ಲಿರುವವಳು

ನಾನು ಒಂಟಾರಿಯೊದಲ್ಲಿ ನೋಂದಾಯಿತ ಕಿನೀಸಿಯಾಲಜಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ನೀವು ಇದೇ ಪ್ರಾಂತ್ಯದಲ್ಲಿರುವುದು ಒಂದು ಅನುಕೂಲ. ಏಕೆಂದರೆ ಕೆನಡಾದಲ್ಲಿ ಈ ವೃತ್ತಿಯನ್ನು ಕಾನೂನಿನ ಚೌಕಟ್ಟಿಗೆ ಮೊದಲು ತಂದದ್ದು ಒಂಟಾರಿಯೊ. 2007ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆಯಾಯಿತು ಮತ್ತು 2013ರ ಏಪ್ರಿಲ್‌ನಿಂದ ಒಂಟಾರಿಯೊ ಕಿನೀಸಿಯಾಲಜಿಸ್ಟರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆ ಕಾರ್ಯಾರಂಭ ಮಾಡಿತು. ಹೆಸರು ಕಾಲೇಜು ಎಂದಿದ್ದರೂ ಅಲ್ಲಿ ಪಾಠ ನಡೆಯುವುದಿಲ್ಲ. ನಮ್ಮಲ್ಲಿಯ ವೈದ್ಯಕೀಯ ಪರಿಷತ್ತಿನಂತೆ ನೋಂದಣಿ, ಶಿಸ್ತು, ದೂರುಗಳ ವಿಚಾರಣೆ ಅದರ ಕೆಲಸ. ನಾಲ್ಕು ವರ್ಷದ ಪದವಿ ಪಡೆದು, ಆ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನೋಂದಾಯಿಸಿಕೊಂಡವರು ಮಾತ್ರ ಇಲ್ಲಿ ತಮ್ಮನ್ನು ಕಿನೀಸಿಯಾಲಜಿಸ್ಟ್ ಎಂದು ಕರೆದುಕೊಳ್ಳಬಹುದು. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಒಂಟಾರಿಯೊದ ಮಟ್ಟಿಗೆ ಈ ಪದವಿಯೇ ಒಂದು ವೃತ್ತಿಗೆ ಅರ್ಹತೆ. ಆದರೆ ಆ ವೃತ್ತಿಯ ವ್ಯಾಪ್ತಿ ಎಷ್ಟು, ಅದರ ಎಲ್ಲೆ ಎಲ್ಲಿದೆ ಎಂಬುದನ್ನು ಅರ್ಜಿ ಹಾಕುವ ಮುನ್ನವೇ ಅರಿತಿರಬೇಕು.

ನಾನು ಮಾಡುವ ಕೆಲಸವನ್ನೇ ಹೇಳುತ್ತೇನೆ. ಹೃದಯಾಘಾತವಾದವರು, ಬೈಪಾಸ್ ಶಸ್ತ್ರಚಿಕಿತ್ಸೆಯಾದವರು, ಸ್ಟೆಂಟ್ ಹಾಕಿಸಿಕೊಂಡವರು ನಮ್ಮ ಕೇಂದ್ರಕ್ಕೆ ಬರುತ್ತಾರೆ. ಅವರಿಗೆ ಎಷ್ಟು ವ್ಯಾಯಾಮ, ಯಾವ ತೀವ್ರತೆಯಲ್ಲಿ, ವಾರಕ್ಕೆ ಎಷ್ಟು ಸಲ ಎಂಬುದನ್ನು ವೈದ್ಯರು ಕೊಟ್ಟ ಪರೀಕ್ಷಾ ವರದಿಯ ಆಧಾರದ ಮೇಲೆ ನಾವು ನಿರ್ಧರಿಸಿ, ಎದುರಿಗಿದ್ದು ಮಾಡಿಸುತ್ತೇವೆ. ಸಾಮಾನ್ಯರಿಗಾದರೆ ನಾಡಿ ಬಡಿತ ನೋಡಿ ತೀವ್ರತೆಯನ್ನು ಅಂದಾಜು ಮಾಡಬಹುದು. ಆದರೆ ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುತ್ತಾರೆ. ಆ ಮಾತ್ರೆ ನಾಡಿ ಬಡಿತವನ್ನು ಏರಲು ಬಿಡುವುದಿಲ್ಲವಾದ್ದರಿಂದ ರೋಗಿ ಬಳಲಿ ಬೆಂಡಾಗಿದ್ದರೂ ಗಡಿಯಾರದಲ್ಲಿ ಕಾಣುವ ಅಂಕಿ ಶಾಂತವಾಗಿಯೇ ಇರುತ್ತದೆ. ಅದಕ್ಕಾಗಿ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಮಾಪನವನ್ನು ಬಳಸುತ್ತೇವೆ. ಏನೂ ಶ್ರಮವಿಲ್ಲದಿದ್ದರೆ 6, ಇನ್ನು ಸಾಧ್ಯವೇ ಇಲ್ಲ ಎನ್ನುವಂತಿದ್ದರೆ 20. ರೋಗಿಯೇ ತನ್ನ ಶ್ರಮಕ್ಕೆ ಅಂಕ ಕೊಡುತ್ತಾನೆ. ಆರರಿಂದ ಏಕೆ ಶುರು ಎಂದರೆ, ಆರೋಗ್ಯವಂತ ಯುವಕರಲ್ಲಿ ಆ ಅಂಕವನ್ನು ಹತ್ತರಿಂದ ಗುಣಿಸಿದರೆ ನಾಡಿ ಬಡಿತಕ್ಕೆ ಸುಮಾರಾಗಿ ಹೊಂದುತ್ತದೆ. ಒಮ್ಮೆ ಕನ್ನಡ ಮಾತ್ರ ಬಲ್ಲ ಹಿರಿಯರೊಬ್ಬರು ಬಂದಿದ್ದರು. ಟ್ರೆಡ್‌ಮಿಲ್ ಮೇಲೆ ಏದುಸಿರು ಬಿಡುತ್ತಿದ್ದರೂ ಕೇಳಿದಾಗಲೆಲ್ಲ "ಏನೂ ಇಲ್ಲಮ್ಮ, ಆರಾಮಾಗಿದೀನಿ" ಎನ್ನುತ್ತಿದ್ದರು. ಸಂಖ್ಯೆ ಕೇಳುವುದನ್ನು ಬಿಟ್ಟು, ನಡೆಯುತ್ತಲೇ ಅವರ ಊರಿನ ಜಾತ್ರೆಯ ಬಗ್ಗೆ ಹೇಳಲು ಕೇಳಿದೆ. ಎರಡನೆಯ ವಾಕ್ಯಕ್ಕೆ ಉಸಿರು ಸಾಲದಾಯಿತು, ನಾನು ವೇಗವನ್ನು ಇಳಿಸಿದೆ. ಇದು ಕೂಡ ಪಠ್ಯದಲ್ಲಿರುವ ವಿಧಾನವೇ. ಮಾತನಾಡಿಸಿ ನೋಡುವ ಪರೀಕ್ಷೆ ಎಂದೇ ಅದನ್ನು ಕಲಿಸುತ್ತಾರೆ.

ಉಳಿದಂತೆ ನನ್ನ ಸಹಪಾಠಿಗಳಲ್ಲಿ ಕೆಲವರು ವಾಹನ ಅಪಘಾತದಲ್ಲಿ ಗಾಯಗೊಂಡವರ ಪುನಶ್ಚೇತನದಲ್ಲಿದ್ದಾರೆ. ಕೆಲವರು ಕಾರ್ಖಾನೆ, ಗೋದಾಮುಗಳಲ್ಲಿ ಕಾರ್ಮಿಕರ ಬೆನ್ನು, ಭುಜ ಸವೆಯದಂತೆ ಕೆಲಸದ ವಿನ್ಯಾಸವನ್ನು ಬದಲಿಸುವ ಎರ್ಗೊನಾಮಿಕ್ಸ್ ಕ್ಷೇತ್ರದಲ್ಲಿದ್ದಾರೆ. ಗಾಯಗೊಂಡ ಕಾರ್ಮಿಕ ಯಾವಾಗ, ಎಷ್ಟು ಗಂಟೆಯ ಕೆಲಸಕ್ಕೆ ಮರಳಬಹುದು ಎಂದು ಅಳೆಯುವ ಕೆಲಸವೂ ಉಂಟು. ಕ್ರೀಡಾ ತಂಡಗಳಲ್ಲಿ ಇರುವವರು ಬಹಳ ಕಡಿಮೆ, ಆದರೆ ಈ ಪದವಿಗೆ ಸೇರುವವರ ಕಣ್ಣೆಲ್ಲ ಅಲ್ಲಿಯೇ ಇರುತ್ತದೆ.

ಎಲ್ಲೆಯ ಮಾತು. ಒಂಟಾರಿಯೊದಲ್ಲಿ ಕಾನೂನು ಕೆಲವು ಕ್ರಿಯೆಗಳನ್ನು ಆಯ್ದ ವೃತ್ತಿಗಳಿಗೆ ಮೀಸಲಿರಿಸಿದೆ. ರೋಗನಿದಾನವನ್ನು ರೋಗಿಗೆ ತಿಳಿಸುವುದು, ಬೆನ್ನುಮೂಳೆಯ ಕೀಲುಗಳನ್ನು ಒತ್ತಿ ಸರಿಪಡಿಸುವುದು ಮುಂತಾದ ಆ ಕ್ರಿಯೆಗಳಲ್ಲಿ ಯಾವುದನ್ನೂ ಕಿನೀಸಿಯಾಲಜಿಸ್ಟ್ ಸ್ವಂತ ಅಧಿಕಾರದಿಂದ ಮಾಡುವಂತಿಲ್ಲ, ಅವುಗಳಲ್ಲಿ ಕೆಲವನ್ನು ಫಿಸಿಯೋಥೆರಪಿಸ್ಟ್ ಮಾಡಬಹುದು. ಒಂದೇ ಕ್ಲಿನಿಕ್ಕಿನಲ್ಲಿ ಇಬ್ಬರೂ ಇದ್ದರೆ ಸಾಮಾನ್ಯವಾಗಿ ಅವರು ಪರೀಕ್ಷಿಸುತ್ತಾರೆ, ನಾವು ವ್ಯಾಯಾಮ ಮಾಡಿಸುತ್ತೇವೆ. ಸಂಬಳದಲ್ಲಿಯೂ ಆ ಅಂತರ ಕಾಣುತ್ತದೆ. ನನಗೆ ಈ ಕೆಲಸ ಇಷ್ಟವಿದೆ, ಆದರೂ ಅದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡುವುದು ಸರಿಯಲ್ಲ.

ಫಿಸಿಯೋಥೆರಪಿಯ ಬಗ್ಗೆ ಹೇಳುವುದಾದರೆ, ಕೆನಡಾದಲ್ಲಿ ಅದು ಸ್ನಾತಕೋತ್ತರ ಪದವಿ. ಮೊದಲು ನಾಲ್ಕು ವರ್ಷದ ಯಾವುದಾದರೂ ಪದವಿ, ಅನಂತರ ಸುಮಾರು ಎರಡು ವರ್ಷದ ಎಂಪಿಟಿ. ಒಂಟಾರಿಯೊದಲ್ಲಿ ಟೊರಾಂಟೊ, ಮ್ಯಾಕ್‌ಮಾಸ್ಟರ್, ವೆಸ್ಟರ್ನ್, ಕ್ವೀನ್ಸ್, ಒಟ್ಟಾವಾ ವಿಶ್ವವಿದ್ಯಾಲಯಗಳಲ್ಲಿ ಅದು ಇದೆ. ಅರ್ಜಿಗಳೆಲ್ಲ ಓರ್ಪಾಸ್ ಎಂಬ ಒಂದೇ ಕೇಂದ್ರದ ಮೂಲಕ ಹೋಗುತ್ತವೆ. ಅಲ್ಲಿ ಮುಖ್ಯವಾಗಿ ನೋಡುವುದು ಪದವಿಯ ಕೊನೆಯ ಎರಡು ವರ್ಷಗಳಷ್ಟು ಪಾಠಗಳ ಅಂಕಗಳನ್ನು. ಕನಿಷ್ಠ ಅರ್ಹತೆ ಬಿ ದರ್ಜೆಯ ಆಸುಪಾಸಿನಲ್ಲಿ ಕಂಡರೂ ಸೀಟು ಸಿಗುವವರ ಅಂಕಗಳು ಅದಕ್ಕಿಂತ ಬಹಳ ಮೇಲಿರುತ್ತವೆ. ಕಿನೀಸಿಯಾಲಜಿಯೇ ಓದಿರಬೇಕೆಂಬ ನಿಯಮವಿಲ್ಲ. ಆದರೆ ಅಂಗರಚನೆ, ಶರೀರಕ್ರಿಯೆ, ಸಂಖ್ಯಾಶಾಸ್ತ್ರ ಹೀಗೆ ಅವರು ಕೇಳುವ ಪಾಠಗಳು ಇದರೊಳಗೆ ತಾವಾಗಿಯೇ ಬಂದುಬಿಡುತ್ತವೆ. ತರಗತಿಯಲ್ಲಿ ಬಹುಪಾಲು ಜನ ಫಿಸಿಯೋಥೆರಪಿಯ ಕನಸಿನಿಂದಲೇ ಸೇರಿರುತ್ತಾರೆ, ಸೀಟು ಸಿಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಆದ್ದರಿಂದ ಮಗಳನ್ನು ಕೇಳಬೇಕಾದ ಪ್ರಶ್ನೆ, ಎಂಪಿಟಿ ಸಿಗದೇ ಹೋದರೂ ಈ ನಾಲ್ಕು ವರ್ಷದ ಓದು ಅವಳಿಗೆ ಬೇಕೇ ಎಂಬುದು.

ಇನ್ನೊಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಹುಡುಕಿದರೆ ಅಪ್ಲೈಡ್ ಕಿನೀಸಿಯಾಲಜಿ ಎಂಬುದೂ ಕಣ್ಣಿಗೆ ಬೀಳುತ್ತದೆ. ಅದು 1964ರಲ್ಲಿ ಜಾರ್ಜ್ ಗುಡ್‌ಹಾರ್ಟ್ ಎಂಬ ಅಮೆರಿಕದ ಕೈರೊಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವನು) ಹುಟ್ಟುಹಾಕಿದ ಪದ್ಧತಿ. ಕೈಯನ್ನು ಒತ್ತಿ ಸ್ನಾಯುವಿನ ಬಲ ನೋಡಿ ಅಲರ್ಜಿ, ಒಳ ಅಂಗಗಳ ದೋಷಗಳನ್ನೆಲ್ಲ ಪತ್ತೆ ಹಚ್ಚುತ್ತೇವೆ ಎನ್ನುವ ಅದಕ್ಕೆ ವೈಜ್ಞಾನಿಕ ಬುನಾದಿಯಿಲ್ಲ. ವಿಶ್ವವಿದ್ಯಾಲಯದ ಕಿನೀಸಿಯಾಲಜಿಗೂ ಅದಕ್ಕೂ ಸಂಬಂಧವೂ ಇಲ್ಲ.

ಉತ್ತರ: ಎರಡನೆಯ ವರ್ಷದ ವಿದ್ಯಾರ್ಥಿ

ನಾನು ಈಗ ಇದನ್ನೇ ಓದುತ್ತಿದ್ದೇನೆ, ಹಾಗಾಗಿ ನಿಮ್ಮ ಮೊದಲನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಇದು ವಿಜ್ಞಾನ. ಆಟ ಆಡಿಸುತ್ತಾರೆ ಎಂದು ನಂಬಿ ಬಂದವರಲ್ಲಿ ಕೆಲವರು ಮೊದಲ ವರ್ಷದ ಅಂಗರಚನಾ ಪರೀಕ್ಷೆಯಾದ ಮೇಲೆ ಬೇರೆ ವಿಭಾಗಕ್ಕೆ ಹೊರಟುಹೋದರು. ಮೂಳೆ, ಸ್ನಾಯು, ನರಗಳ ಹೆಸರುಗಳನ್ನು ಉರು ಹೊಡೆದರೆ ಸಾಲದು. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಂಡಿದೆ, ಯಾವ ನರ ಅದನ್ನು ನಡೆಸುತ್ತದೆ, ಆ ನರ ತುಂಡಾದರೆ ವ್ಯಕ್ತಿಯ ನಡಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಕೇಳುತ್ತಾರೆ. ನಮ್ಮಲ್ಲಿ ದಾನವಾಗಿ ಬಂದ ಮಾನವ ದೇಹಗಳ ಮೇಲೆಯೇ ಪ್ರಯೋಗಾಲಯದ ಪಾಠ ನಡೆಯುತ್ತದೆ. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಈ ಸೌಲಭ್ಯವಿಲ್ಲ. ಭೇಟಿ ಕೊಟ್ಟಾಗ ಇದನ್ನು ಕೇಳಿಯೇ ಕೇಳಿ. ಜೊತೆಗೆ ವ್ಯಾಯಾಮ ಶರೀರಕ್ರಿಯೆ, ದೇಹದ ಮೇಲಿನ ಬಲಗಳನ್ನು ಲೆಕ್ಕ ಹಾಕುವ ಬಯೋಮೆಕ್ಯಾನಿಕ್ಸ್, ಮಿದುಳು ಚಲನೆಯನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ಪಾಠ, ಕ್ರೀಡಾ ಮನೋವಿಜ್ಞಾನ, ಸಂಖ್ಯಾಶಾಸ್ತ್ರ ಇವೆಲ್ಲ ಇವೆ. ಕೆಲವು ಕಡೆ ಈಜು, ಜಿಮ್ನಾಸ್ಟಿಕ್ಸ್‌ನಂತಹ ಪ್ರಾಯೋಗಿಕ ತರಗತಿಗಳೂ ಪದವಿಯ ಭಾಗವಾಗಿರುತ್ತವೆ, ಆದರೆ ಅವು ಸಣ್ಣ ಭಾಗ.

ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ, ಮಗಳಿಗೂ ತೋರಿಸಿ. ವಿಂಗೇಟ್ ಪರೀಕ್ಷೆ ಎಂದು ಅದರ ಹೆಸರು. ನಿಂತಲ್ಲೇ ತುಳಿಯುವ ಸೈಕಲ್ಲಿನ ಚಕ್ರಕ್ಕೆ ವಿದ್ಯಾರ್ಥಿಯ ದೇಹತೂಕದ ಶೇಕಡಾ 7.5ರಷ್ಟು ಪ್ರತಿರೋಧ ಹೇರುತ್ತಾರೆ. 60 ಕಿಲೋ ಇದ್ದವರಿಗೆ 4.5 ಕಿಲೋ. ಅನಂತರ 30 ಸೆಕೆಂಡು ಪ್ರಾಣ ಹೋಗುವಂತೆ ತುಳಿಯಬೇಕು, ಉಳಿಸಿಕೊಂಡು ತುಳಿಯುವಂತಿಲ್ಲ. ಶಕ್ತಿಯ ಶಿಖರ ಮೊದಲ ಐದಾರು ಸೆಕೆಂಡುಗಳಲ್ಲೇ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಕಾಲುಗಳು ಆಡುತ್ತಿದ್ದರೂ ಪರದೆಯ ಮೇಲಿನ ಗೆರೆ ಇಳಿಯುತ್ತಲೇ ಹೋಗುತ್ತದೆ, ಏಕೆಂದರೆ ಸ್ನಾಯುವಿನಲ್ಲಿ ಸಿದ್ಧವಾಗಿದ್ದ ಫಾಸ್ಫೋಕ್ರಿಯಾಟಿನ್ ಎಂಬ ಶಕ್ತಿಯ ಸಂಗ್ರಹ ಬೇಗನೆ ಕರಗಿ, ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುವ ಮಾರ್ಗವೊಂದೇ ಹೆಚ್ಚಿನ ಹೊಣೆ ಹೊರಬೇಕಾಗುತ್ತದೆ. ಇಳಿದ ಮೇಲೆ ಕೆಲವರು ವಾಂತಿ ಮಾಡಿಕೊಳ್ಳುವುದುಂಟು, ಅದಕ್ಕೆಂದೇ ಬಕೆಟ್ ಇಟ್ಟಿರುತ್ತಾರೆ. ಸುಧಾರಿಸಿಕೊಂಡ ಮೇಲೆ ಶಿಖರ ಶಕ್ತಿ, ಸರಾಸರಿ ಶಕ್ತಿ, ಆಯಾಸದ ಪ್ರಮಾಣ ಇವುಗಳನ್ನು ಲೆಕ್ಕ ಹಾಕಿ, ತರಗತಿಯವರೆಲ್ಲರ ಅಂಕಿಗಳನ್ನು ಸೇರಿಸಿ ವರದಿ ಬರೆಯಬೇಕು. ಸೈಕಲ್ ತುಳಿದದ್ದು ಅರ್ಧ ನಿಮಿಷ, ವರದಿಗೆ ವಾರಾಂತ್ಯವಿಡೀ ಹೋಗುತ್ತದೆ. ಆ ಎರಡನೆಯ ಭಾಗ ಅವಳಿಗೆ ಹಿಡಿಸುವಂತಿದ್ದರೆ ಧೈರ್ಯವಾಗಿ ಸೇರಲಿ.

ಉತ್ತರ: ಕರ್ನಾಟಕದಲ್ಲಿ ಬಿಪಿಟಿ ಓದಿದವನು

ನಿಮ್ಮ ಸಂಬಂಧಿಕರ ವಾದಕ್ಕೆ ನಾನು ಉತ್ತರಿಸಬಹುದು ಎನಿಸುತ್ತದೆ. ನಾನು ಮಂಗಳೂರಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಬಿಪಿಟಿ ಮುಗಿಸಿ, ಅನಂತರ ಇಲ್ಲಿಗೆ ಬಂದು ಫಿಸಿಯೋಥೆರಪಿಸ್ಟ್ ಪರವಾನಗಿ ಪಡೆದವನು. ನಮ್ಮ ಕಾಲದಲ್ಲಿ ಬಿಪಿಟಿ ಎಂದರೆ ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ನಂತರ ಪಠ್ಯಕ್ರಮ, ಅವಧಿ ಎರಡೂ ಬದಲಾವಣೆಯ ಹಾದಿಯಲ್ಲಿವೆ. ಸೇರುವ ವರ್ಷದ ನಿಯಮವನ್ನು ಕಾಲೇಜಿನಲ್ಲೇ ಲಿಖಿತವಾಗಿ ಕೇಳಿಕೊಳ್ಳಿ.

ಎರಡೂ ಪದವಿಗಳ ಸ್ವಭಾವವೇ ಬೇರೆ. ಬಿಪಿಟಿಯಲ್ಲಿ ಕಿನೀಸಿಯಾಲಜಿ ಮತ್ತು ಬಯೋಮೆಕ್ಯಾನಿಕ್ಸ್ ಎಂಬುದು ಇಡೀ ಪದವಿಯಲ್ಲ, ಆರಂಭದ ವರ್ಷಗಳಲ್ಲಿ ಬರುವ ಒಂದು ವಿಷಯ. ಅದನ್ನು ಮುಗಿಸಿಕೊಂಡು ನಾವು ಮೂಳೆ, ನರ, ಹೃದಯ, ಶ್ವಾಸಕೋಶದ ಕಾಯಿಲೆಗಳತ್ತ, ವಾರ್ಡುಗಳತ್ತ ಹೊರಟುಬಿಡುತ್ತೇವೆ. ಇಲ್ಲಿಯ ಕಿನೀಸಿಯಾಲಜಿಯಲ್ಲಿ ಆರೋಗ್ಯವಂತ ದೇಹದ ಚಲನೆಯನ್ನೇ ನಾಲ್ಕು ವರ್ಷ ಅಗೆದು ನೋಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಕಿನೀಸಿಯಾಲಜಿಸ್ಟರು ಸಂಶೋಧನಾ ಲೇಖನವನ್ನು ಓದಿ ಅದರ ಅಂಕಿಅಂಶಗಳ ಜಾಳುತನವನ್ನು ಎತ್ತಿ ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುವುದುಂಟು. ಅದೇ ಪಾರ್ಶ್ವವಾಯು ಬಡಿದ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವಾಗ, ಹೌಸ್ ಸರ್ಜನ್‌ಗಳ ಜೊತೆ ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದ ದಿನಗಳು ನನ್ನ ಕೈಗೆ ಬರುತ್ತವೆ.

ಕೆನಡಾದಲ್ಲಿ ಬೆಳೆದ ಹುಡುಗಿಯನ್ನು ಅಲ್ಲಿಗೆ ಕಳಿಸುವ ವಿಷಯದಲ್ಲಿ ಎರಡು ಸಂಗತಿಗಳನ್ನು ಯೋಚಿಸಬೇಕು. ಮೊದಲನೆಯದು, ಮರಳಿ ಬಂದಾಗಿನ ದಾರಿ. ವಿದೇಶದಲ್ಲಿ ಓದಿದವರ ಅರ್ಹತೆಯನ್ನು ಫಿಸಿಯೋಥೆರಪಿ ನಿಯಂತ್ರಕರ ರಾಷ್ಟ್ರೀಯ ಒಕ್ಕೂಟ ಪರಿಶೀಲಿಸಬೇಕು, ಪಠ್ಯಕ್ರಮದ ಪುಟಪುಟವನ್ನೂ ಕಾಲೇಜಿನಿಂದ ತರಿಸಿ ಕೊಡಬೇಕು, ಆಮೇಲೆ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು. ಇಂತಹವರಿಗಾಗಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸೇತು ಶಿಕ್ಷಣದ ವ್ಯವಸ್ಥೆಯೂ ಇದೆ. ದಾರಿ ಇದೆ, ನಾನೇ ನಡೆದಿದ್ದೇನೆ. ಆದರೆ ಕಾಗದಪತ್ರಗಳಿಗೆ ಹಿಡಿಯುವ ಕಾಲವನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಂಪಿಟಿ ಸೀಟಿನ ಪೈಪೋಟಿ ತಪ್ಪುತ್ತದೆಂದು ಇದನ್ನು ಒಳದಾರಿಯೆಂದು ಭಾವಿಸಿದರೆ ಉಳಿತಾಯವಾದ ಸಮಯ ಇಲ್ಲಿ ಖರ್ಚಾಗುತ್ತದೆ.

ಎರಡನೆಯದು, ಕನ್ನಡ. ಮನೆಯಲ್ಲಿ ಊಟತಿಂಡಿಯ ಕನ್ನಡ ಮಾತನಾಡುವ ಮಕ್ಕಳಿಗೆ ವಾರ್ಡಿನ ಕನ್ನಡ ಬೇರೆಯೇ ಲೋಕ. ರೋಗಿ ತನ್ನ ನೋವನ್ನು ಜೋಮು ಎನ್ನುತ್ತಾನೆಯೇ, ಸೆಳೆತ ಎನ್ನುತ್ತಾನೆಯೇ, ಚಳುಕು ಎನ್ನುತ್ತಾನೆಯೇ, ಉಳುಕು ಎನ್ನುತ್ತಾನೆಯೇ ಎಂಬುದರ ಮೇಲೆ ನಾವು ನರವನ್ನು ಅನುಮಾನಿಸಬೇಕೋ, ಸ್ನಾಯುವನ್ನೋ, ಕೀಲನ್ನೋ ಎಂಬ ಮೊದಲ ಎಳೆ ಸಿಗುತ್ತದೆ. ಮಂಗಳೂರಿನಲ್ಲಿ ಇದರ ಮೇಲೆ ತುಳು, ಬ್ಯಾರಿ, ಕೊಂಕಣಿ ಬೇರೆ. ಕಲಿಯಲಾಗದ್ದೇನಲ್ಲ, ಆದರೆ ಹದಿನೆಂಟರ ಹರೆಯದಲ್ಲಿ ಹೊಸ ನಾಡು, ಹಾಸ್ಟೆಲ್ಲು, ಅನಿವಾಸಿ ಕೋಟಾದ ಶುಲ್ಕ ಇವುಗಳ ಜೊತೆ ಇದೂ ಸೇರುತ್ತದೆ. ಮಗಳೇ ಆಸೆಪಟ್ಟು ಕೇಳಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ. "ಇನ್ನೂ ಯೋಚಿಸಿಲ್ಲ" ಎನ್ನುವವಳನ್ನು ರೋಗಿಯ ಹಾಸಿಗೆಯ ಪಕ್ಕಕ್ಕೆ ನೇರವಾಗಿ ಕೊಂಡೊಯ್ಯುವ ಪದವಿಗೆ ಕಳಿಸುವುದು ಸರಿಯೆಂದು ನನಗೆ ತೋರುವುದಿಲ್ಲ.

ಮರುಪ್ರಶ್ನೆ: ಮಿಸಿಸಾಗಾದ ತಂದೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞ. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಬಕೆಟ್ಟಿನ ಪ್ರಸಂಗ ಕೇಳಿ ಅವಳ ಉತ್ಸಾಹ ಇಮ್ಮಡಿಯಾಗಿದೆ. ಬೆಂಗಳೂರಿನ ವಿಚಾರವನ್ನು ನಾವೇ ಕೈಬಿಟ್ಟೆವು. ಈಗ ಉಳಿದಿರುವುದು ಒಂದು ಆತಂಕ. ಅವಳು ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡಿದ್ದಾಳೆ, ಭೌತಶಾಸ್ತ್ರವನ್ನು ಬಿಟ್ಟಿದ್ದಾಳೆ. ಹಲವು ವಿಶ್ವವಿದ್ಯಾಲಯಗಳು ಅದನ್ನು ಕಡ್ಡಾಯ ಮಾಡಿಲ್ಲವೆಂಬುದು ಅವಳ ಸಮರ್ಥನೆ. ಬಯೋಮೆಕ್ಯಾನಿಕ್ಸ್ ಪಾಠಕ್ಕೆ ಇದರಿಂದ ತೊಡಕಾಗುತ್ತದೆಯೇ?

ಉತ್ತರ: ಬಯೋಮೆಕ್ಯಾನಿಕ್ಸ್ ಕಲಿಸುವವರು

ಪ್ರವೇಶಕ್ಕೆ ತೊಡಕಾಗದೆ ಇರಬಹುದು, ಆದರೆ ಎರಡನೆಯ ವರ್ಷದಲ್ಲಿ ಖಂಡಿತ ಆಗುತ್ತದೆ. ಪ್ರತಿ ವರ್ಷವೂ ನನ್ನ ಕೊಠಡಿಗೆ ಬಂದು ಕೂರುವವರಲ್ಲಿ ಹೆಚ್ಚಿನವರು ಭೌತಶಾಸ್ತ್ರವನ್ನು ಬಿಟ್ಟು ಬಂದವರು. ಯಾಕೆಂದು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇನೆ. ಮೊದಲ ವಾರದಲ್ಲೇ ಮಾಡಿಸುವ ಲೆಕ್ಕವಿದು.

ಐದು ಕಿಲೋ ಅಕ್ಕಿಯ ಚೀಲವನ್ನು ಕೈಯಲ್ಲಿ ಹಿಡಿದು, ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಇರಿಸಿಕೊಳ್ಳಿ. ಚೀಲ ಮೊಣಕೈಯಿಂದ 35 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಅದರ ತೂಕ 49 ನ್ಯೂಟನ್. ದೂರದಿಂದ ಗುಣಿಸಿದರೆ ಮೊಣಕೈಯನ್ನು ಕೆಳಕ್ಕೆ ತಿರುಗಿಸುವ ಬಲಾಘೂರ್ಣ ಸುಮಾರು 17.2 ನ್ಯೂಟನ್ ಮೀಟರ್. ಮುಂಗೈಗೂ ತನ್ನದೇ ತೂಕವಿದೆ; ಒಂದೂವರೆ ಕಿಲೋ, 15 ಸೆಂಟಿಮೀಟರ್ ದೂರದಲ್ಲಿ ಎಂದು ಹಿಡಿದರೆ ಮತ್ತೆ 2.2 ಸೇರಿ ಒಟ್ಟು 19.4. ಈಗ ಇದನ್ನು ತಡೆದು ನಿಲ್ಲಿಸುವ ಬೈಸೆಪ್ಸ್ ಸ್ನಾಯು ಎಲ್ಲಿ ಅಂಟಿಕೊಂಡಿದೆ ನೋಡಿ. ಮೊಣಕೈಯಿಂದ ಬರೀ 4 ಸೆಂಟಿಮೀಟರ್ ಆಚೆ. 19.4ನ್ನು 0.04ರಿಂದ ಭಾಗಿಸಿದರೆ 485 ನ್ಯೂಟನ್, ಅಂದರೆ ಸರಿಸುಮಾರು 50 ಕಿಲೋ ಭಾರವನ್ನು ಎತ್ತುವಷ್ಟು ಬಲ. ಐದು ಕಿಲೋ ಹಿಡಿದು ನಿಲ್ಲಲು ಸ್ನಾಯು ಅದರ ಹತ್ತು ಪಟ್ಟು ಎಳೆಯಬೇಕು. ವಾಸ್ತವದಲ್ಲಿ ಬ್ರೇಕಿಯಾಲಿಸ್‌ನಂತಹ ಬೇರೆ ಸ್ನಾಯುಗಳೂ ಹೊರೆ ಹಂಚಿಕೊಳ್ಳುತ್ತವೆ, ಅದನ್ನು ಲೆಕ್ಕಕ್ಕೆ ತರುವುದನ್ನು ಮುಂದಿನ ವರ್ಷ ಕಲಿಸುತ್ತೇವೆ.

ಇದನ್ನು ಮೊದಲು ಕಂಡುಕೊಂಡವನು ಹದಿನೇಳನೆಯ ಶತಮಾನದ ಇಟಲಿಯ ಜೊವಾನ್ನಿ ಬೊರೆಲ್ಲಿ. ದೇಹದ ಸನ್ನೆಕೋಲುಗಳು ಬಲವನ್ನು ಉಳಿಸುವುದಿಲ್ಲ, ಚಲನೆಯನ್ನು ಹಿಗ್ಗಿಸುತ್ತವೆ ಎಂದು ಅವನು ತೋರಿಸಿಕೊಟ್ಟ. ಸ್ನಾಯು ಒಂದೆರಡು ಸೆಂಟಿಮೀಟರ್ ಕುಗ್ಗಿದರೆ ಸಾಕು, ಅಂಗೈ ಹತ್ತಾರು ಸೆಂಟಿಮೀಟರ್ ಚಲಿಸುತ್ತದೆ. ಅದಕ್ಕೆ ಬೆಲೆಯಾಗಿ ಸ್ನಾಯು ಮತ್ತು ಕೀಲು ದೊಡ್ಡ ಬಲಗಳನ್ನು ಹೊರಬೇಕು. ಬೆನ್ನಿನ ಡಿಸ್ಕ್, ಮಂಡಿಚಿಪ್ಪು, ಭುಜ ಎಲ್ಲದರ ಸವಕಳಿಯ ಚರ್ಚೆಯೂ ಈ ಲೆಕ್ಕದಿಂದಲೇ ಹೊರಡುತ್ತದೆ. ಬಾಗಿ ಭಾರ ಎತ್ತುವಾಗ ಅದನ್ನು ಮೈಗೆ ಹತ್ತಿರ ಹಿಡಿಯಿರಿ ಎಂದು ನಾವು ಕಾರ್ಮಿಕರಿಗೆ ಹೇಳುವುದು 35 ಎಂಬ ಆ ಅಂಕಿಯನ್ನು ಇಳಿಸಲಿಕ್ಕಾಗಿ.

ನಿಮ್ಮ ಮಗಳಿಗೆ ತ್ರಿಕೋನಮಿತಿ, ವೆಕ್ಟರ್, ಬಲಾಘೂರ್ಣ, ನ್ಯೂಟನ್ನನ ನಿಯಮಗಳು ಇಷ್ಟು ಗಟ್ಟಿಯಿದ್ದರೆ ಸಾಕು. ವಿದ್ಯುತ್ತು, ಬೆಳಕು, ಪರಮಾಣುಗಳ ಅಗತ್ಯ ಅಷ್ಟಿಲ್ಲ. ಬೇಸಿಗೆ ಶಾಲೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹನ್ನೆರಡನೆಯ ತರಗತಿಯ ಭೌತಶಾಸ್ತ್ರ ಮಾಡಿಕೊಂಡರೆ ಒಳ್ಳೆಯದು.

ನಿಮ್ಮ ತಂದೆಯವರ ಡ್ರಿಲ್ ಮೇಷ್ಟ್ರ ಮಾತಿಗೂ ಒಂದು ಚರಿತ್ರೆಯಿದೆ, ಅವರ ಮಾತು ಪೂರ್ತಿ ತಪ್ಪಲ್ಲ. ಉತ್ತರ ಅಮೆರಿಕದಲ್ಲಿಯೂ ಈ ವಿಭಾಗಗಳಲ್ಲಿ ಹೆಚ್ಚಿನವು ದೈಹಿಕ ಶಿಕ್ಷಕರನ್ನು ತಯಾರಿಸುತ್ತಿದ್ದ ವಿಭಾಗಗಳೇ. ದೈಹಿಕ ಶಿಕ್ಷಣವು ಶಿಕ್ಷಕರ ತರಬೇತಿಯಾಗಿ ಉಳಿಯದೆ ತನ್ನದೇ ಜ್ಞಾನಶಿಸ್ತಾಗಬೇಕು ಎಂದು ಬರ್ಕ್ಲಿಯ ಫ್ರಾಂಕ್ಲಿನ್ ಹೆನ್ರಿ 1964ರಲ್ಲಿ ವಾದಿಸಿದ ಮೇಲೆ ಗಾಳಿ ಬದಲಾಯಿತು. ವಾಟರ್‌ಲೂ ವಿಶ್ವವಿದ್ಯಾಲಯ 1967ರಲ್ಲಿ ಕಿನೀಸಿಯಾಲಜಿ ವಿಭಾಗವನ್ನೇ ತೆರೆಯಿತು; ಜಗತ್ತಿನಲ್ಲಿ ಆ ಹೆಸರಿನ ಮೊದಲ ವಿಭಾಗ ತನ್ನದೆಂದು ಅದು ಹೇಳಿಕೊಳ್ಳುತ್ತದೆ. ಮನುಷ್ಯನ ನಡಿಗೆಯ ವಿಶ್ಲೇಷಣೆಗೆ ಡೇವಿಡ್ ವಿಂಟರ್, ಬೆನ್ನುಮೂಳೆಯ ಅಧ್ಯಯನಕ್ಕೆ ಸ್ಟುವರ್ಟ್ ಮೆಕ್‌ಗಿಲ್ ಹೆಸರಾದದ್ದು ಅಲ್ಲಿಂದಲೇ. ಟೊರಾಂಟೊ ವಿಶ್ವವಿದ್ಯಾಲಯದ ನಿಕಾಯದ ಹೆಸರಿನಲ್ಲಿ ಇಂದಿಗೂ ಕಿನೀಸಿಯಾಲಜಿಯ ಜೊತೆಗೆ ದೈಹಿಕ ಶಿಕ್ಷಣವೂ ಇದೆ. ಈ ಪದವಿಯ ಮೇಲೆ ಬಿ.ಎಡ್ ಮಾಡಿ ಶಾಲೆಗಳಲ್ಲಿ ಆರೋಗ್ಯ ಮತ್ತು ದೈಹಿಕ ಶಿಕ್ಷಣ ಕಲಿಸುವವರು ಈಗಲೂ ಇದ್ದಾರೆ, ಮತ್ತು ಅದು ಇಲ್ಲಿ ಗೌರವದ, ಭದ್ರತೆಯ ಕೆಲಸ. ತಾತನಿಗೆ ಇದನ್ನೂ ಹೇಳಿ.

ಉಪಪ್ರಶ್ನೆ: ಧಾರವಾಡದ ಪಿಯುಸಿ ವಿದ್ಯಾರ್ಥಿ

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ವಿದೇಶಕ್ಕೆ ಹೋಗುವಷ್ಟು ಅನುಕೂಲ ನಮಗಿಲ್ಲ. ಇಂತಹ ಓದು ನಮ್ಮ ದೇಶದಲ್ಲಿ ಇದೆಯೇ?

ಉತ್ತರ: ಕರ್ನಾಟಕದಲ್ಲಿ ಬಿಪಿಟಿ ಓದಿದವನು

ಕಿನೀಸಿಯಾಲಜಿ ಎಂಬ ಹೆಸರಿನಲ್ಲಿಯೇ ಪದವಿ ಹುಡುಕಿದರೆ ನಮ್ಮಲ್ಲಿ ಸಿಗುವುದು ಅಪರೂಪ. ಅದೇ ವಿಷಯ ಹಲವು ಪದವಿಗಳಲ್ಲಿ ಹಂಚಿಹೋಗಿದೆ. ಚಿಕಿತ್ಸೆಯ ಕಡೆಗೆ ಒಲವಿದ್ದರೆ ಬಿಪಿಟಿ. ಶಿಕ್ಷಣ, ತರಬೇತಿಯ ಕಡೆಗಾದರೆ ದೈಹಿಕ ಶಿಕ್ಷಣದ ಪದವಿಗಳಾದ ಬಿಪಿಇಎಸ್ ಮತ್ತು ಬಿ.ಪಿ.ಎಡ್, ಗ್ವಾಲಿಯರಿನಲ್ಲಿ 1957ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ಸಂಸ್ಥೆ ಇದರಲ್ಲಿ ಹಳೆಯದು. ಮಣಿಪುರದಲ್ಲಿ 2018ರ ಕಾಯ್ದೆಯಂತೆ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯವೂ ಬಂದಿದೆ. ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಬಿ.ಎಸ್‌ಸಿ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುರುವಾಗಿದ್ದು, ಕೆನಡಾದ ಈ ಪದವಿಗೆ ಅದೇ ಹೆಚ್ಚು ಹತ್ತಿರ. ಆದರೆ ಅದರಿಂದ ಫಿಸಿಯೋಥೆರಪಿಸ್ಟ್ ಆಗಲು ಬರುವುದಿಲ್ಲ ಎಂಬುದನ್ನು ಸೇರುವ ಮೊದಲೇ ತಿಳಿದಿರಬೇಕು. ಕಾಲೇಜಿನ ಜಾಹೀರಾತುಗಳಲ್ಲಿ ಈ ಮಾತು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ.

ಕೆಲಸದ ಸ್ವರೂಪವನ್ನು ಕಣ್ಣಾರೆ ನೋಡಬೇಕೆಂದರೆ ನೀವು ಬಹಳ ದೂರ ಹೋಗಬೇಕಿಲ್ಲ. ಬಳ್ಳಾರಿ ಜಿಲ್ಲೆಯ ವಿಜಯನಗರದ ಉಕ್ಕಿನ ಪಟ್ಟಣದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಮತ್ತು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರ ಇವೆರಡರಲ್ಲೂ ಕ್ರೀಡಾ ವಿಜ್ಞಾನದ ವಿಭಾಗಗಳಿವೆ. ಅಲ್ಲಿ ಕೆಲಸ ಮಾಡುವವರು ಯಾವ ಯಾವ ಪದವಿ ಓದಿ ಬಂದಿದ್ದಾರೆ ಎಂದು ಪತ್ರ ಬರೆದು ಕೇಳಿ. ನಿಮ್ಮ ಊರಿನ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಕಾಣಿ. ಎಷ್ಟೋ ಜನಕ್ಕೆ ಅವರೇ ಮೊದಲು ದಾರಿ ತೋರಿಸಿದ್ದಾರೆ.

ಉತ್ತರ: ಹೃದಯ ಪುನಶ್ಚೇತನ ಕೇಂದ್ರದಲ್ಲಿರುವವಳು

ಮಿಸಿಸಾಗಾದವರಿಗೆ ಇನ್ನೆರಡು ಮಾತು, ಜನವರಿ ಹತ್ತಿರವಾಗುತ್ತಿರುವುದರಿಂದ. ಅರ್ಜಿಯಲ್ಲಿ ಹನ್ನೆರಡನೆಯ ತರಗತಿಯ ಅತ್ಯುತ್ತಮ ಆರು ವಿಷಯಗಳ ಸರಾಸರಿಯನ್ನು ನೋಡುತ್ತಾರೆ; ಅವಳು ಓದಿರುವ ಕಿನೀಸಿಯಾಲಜಿಯ ಪ್ರವೇಶ ಪಾಠವನ್ನೂ ಅದರಲ್ಲಿ ಎಣಿಸುತ್ತಾರೆ. ಭೌತಶಾಸ್ತ್ರವನ್ನು ಈಗಲೇ ಅವಸರದಲ್ಲಿ ತೆಗೆದುಕೊಂಡು ಸರಾಸರಿ ಇಳಿಸಿಕೊಳ್ಳುವುದಕ್ಕಿಂತ, ಪ್ರವೇಶ ಸಿಕ್ಕ ಮೇಲೆ ಬೇಸಿಗೆಯಲ್ಲಿ ಓದಿಕೊಳ್ಳುವುದು ಜಾಣತನ ಎಂದು ನನಗನಿಸುತ್ತದೆ. ಪ್ರಾಧ್ಯಾಪಕರು ಒಪ್ಪದಿರಬಹುದು.

ಮತ್ತೆ, ಕೋ-ಆಪ್ ಇರುವ ಕಡೆ ಅರ್ಜಿ ಹಾಕಿಸಿ. ವಾಟರ್‌ಲೂನಲ್ಲಿ ಓದಿನ ನಡುನಡುವೆ ಸಂಬಳದ ಕೆಲಸದ ಅವಧಿಗಳಿರುತ್ತವೆ. ಪದವಿ ಮುಗಿಯಲು ಐದು ವರ್ಷದ ಹತ್ತಿರವಾದರೂ ಕ್ಲಿನಿಕ್, ಕಾರ್ಖಾನೆ, ಸಂಶೋಧನಾಲಯ ಮೂರನ್ನೂ ಒಳಗಿನಿಂದ ನೋಡಿ ಬರುತ್ತಾರೆ. ಫಿಸಿಯೋಥೆರಪಿ ಬೇಕೋ ಬೇಡವೋ ಎಂದು ಅವಳು ಹದಿನೇಳರಲ್ಲೇ ತೀರ್ಮಾನಿಸಬೇಕಾಗಿಲ್ಲ, ಮೂರನೆಯ ವರ್ಷದ ವೇಳೆಗೆ ತೀರ್ಮಾನಿಸಿದರೂ ಅರ್ಜಿಗೆ ಸಮಯವಿರುತ್ತದೆ. ಅಲ್ಲಿಯವರೆಗೆ ಸಮೀಪದ ಕ್ಲಿನಿಕ್ಕಿನಲ್ಲೋ ವೃದ್ಧಾಶ್ರಮದಲ್ಲೋ ಸ್ವಯಂಸೇವೆಗೆ ಕಳಿಸಿ. ನಮ್ಮ ಕೇಂದ್ರಕ್ಕೂ ಶಾಲಾ ಮಕ್ಕಳು ಬರುತ್ತಾರೆ. ಬಂದವರಿಗೆ ಮೊದಲ ತಿಂಗಳು ಸೈಕಲ್ಲುಗಳನ್ನು ಒರೆಸುವುದು, ಹಿರಿಯರಿಗೆ ನೀರು ತಂದುಕೊಡುವುದು, ರಕ್ತದೊತ್ತಡದ ಅಂಕಿಗಳನ್ನು ಬರೆದುಕೊಳ್ಳುವುದು ಇಷ್ಟೇ ಕೆಲಸ. ಎರಡನೆಯ ತಿಂಗಳೂ ಬರುವವರು ಯಾರೆಂದು ನಮಗೆ ಆಗಲೇ ಗೊತ್ತಾಗಿರುತ್ತದೆ.